ನಾಯಿ ಹಾಲು ಕೊಡಲ್ಲ, ಅದಕ್ಕೇ ಕಾನೂನೂ ಇಲ್ಲ

ಹೋದ ತಿಂಗಳು ಮಗಳ ಮನೆಗೆ ಹೋಗಿದ್ದೆ. ಅವಳಿರೋದು ಛತ್ರಪತಿ ಸಂಭಾಜಿನಗರದಲ್ಲಿ. (2023ರಲ್ಲಿ ಹೆಸರು ಬದಲಾಯ್ತು, ಆದ್ರೆ ನನ್ನ ಬಾಯಿಗೆ ಇನ್ನೂ ಔರಂಗಾಬಾದ್ ಅಂತಲೇ ಬರುತ್ತೆ. ಮೂವತ್ತು ವರ್ಷದ ರೂಢಿ, ಕ್ಷಮೆಯಿರಲಿ.) ನಾಶಿಕದಿಂದ ನಿಫಾಡ, ಯೇವಲೆ, ವೈಜಾಪುರ ದಾಟಿ ಬಸ್ಸಿನಲ್ಲಿ ನಾಲ್ಕೈದು ತಾಸು. ಮನೆ ಬಾಗಿಲಿಗೆ ಹೋದ ಕೂಡಲೇ ಮೊದಲು ಮೈಮೇಲೆ ಬಿದ್ದದ್ದು ಗುಂಡ. ಗುಂಡ ಅಂದ್ರೆ ಅವರ ನಾಯಿ. ಬೀದಿಯಲ್ಲಿ ಸಿಕ್ಕ ಮರಿ, ಈಗ ಐದು ವರ್ಷದ ಗಡವ. ಅದರ ಹಿಂದೆಯೇ ಅಂಬೆಗಾಲಿಡ್ತಾ ಬಂದವಳು ನನ್ನ ಮೊಮ್ಮಗಳು. ಅವಳ ಮುಷ್ಟಿಯಲ್ಲಿ ಏನೋ ಕೆಂಪಗೆ. ಬಿಡಿಸಿ ನೋಡಿದ್ರೆ ಗುಂಡನ ತಟ್ಟೆಯ ಕಾಳು! ಒಂದು ಆಗಲೇ ಬಾಯೊಳಗೆ.

"ಏನಾಗಲ್ಲ ಅಪ್ಪಾ, ಎಲ್ಲಾ ನ್ಯಾಚುರಲ್" ಅಂದ್ಲು ಮಗಳು, ಪ್ಯಾಕೆಟ್ ತಂದು ತೋರಿಸಿದ್ಲು.

ಪ್ಯಾಕೆಟ್ಟಿನ ಮುಂದುಗಡೆ ಹಸಿರು ಎಲೆಯ ಚಿತ್ರ. ಒಳಗೆ ಕೆಂಪು, ಹಸಿರು, ಕಂದು, ಮೂರು ಬಣ್ಣದ ಕಾಳು. ಕೆಂಪು ಅಂದ್ರೆ ಮಾಂಸವಂತೆ, ಹಸಿರು ಅಂದ್ರೆ ತರಕಾರಿಯಂತೆ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ. ಕನ್ನಡಕ ಏರಿಸಿ ಓದಿದೆ. ಕೊನೆಯಲ್ಲಿ "ಪರ್ಮಿಟೆಡ್ ನ್ಯಾಚುರಲ್ ಕಲರ್ಸ್" ಅಂತ ಇತ್ತು. ಅಷ್ಟೇ. ಯಾವ ಬಣ್ಣ, ಯಾವ ಗಿಡದ್ದು, ಎಷ್ಟು, ಏನೂ ಇಲ್ಲ.

ಪರ್ಮಿಟೆಡ್! ಪರ್ಮಿಶನ್ ಕೊಟ್ಟೋರು ಯಾರು?

ಈ ಒಂದು ಪದಕ್ಕೆ ಗಂಟು ಬಿದ್ದು ಒಂದು ತಿಂಗಳು ಓಡಾಡಿದೆ ಸ್ವಾಮಿ. ರಿಟೈರ್ ಆದೋನಿಗೆ ಬೇರೆ ಏನು ಕೆಲಸ ಅಂತ ನೀವು ನಗಬಹುದು. ನಗಿ, ಆದ್ರೆ ಪೂರ್ತಿ ಓದಿ ನಗಿ.

ಮೊದಲು ಪ್ಯಾಕೆಟ್ ಮೇಲಿದ್ದ ಗ್ರಾಹಕರ ನಂಬರಿಗೆ ಫೋನ್ ಮಾಡಿದೆ. (ಕಂಪನಿ ಹೆಸರು ಹೇಳಲ್ಲ. ಇವರೊಬ್ಬರೇ ಅಂತ ಅಲ್ಲವಲ್ಲ.) ಆ ಹುಡುಗಿ ಪಾಪ ಬಹಳ ವಿನಯದಿಂದ "ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್ ಸರ್" ಅಂತ ಮೂರು ಸಲ ಹೇಳಿದ್ಲು. ಯಾವ ಬಣ್ಣಮ್ಮಾ ಅಂದ್ರೆ ಮೇಲ್ ಮಾಡ್ತೀವಿ ಅಂದ್ಲು. ಮೇಲ್ ಬಂತು. ನಮ್ಮ ಉತ್ಪನ್ನ ಅನ್ವಯವಾಗುವ ಎಲ್ಲಾ ನಿಯಮಗಳನ್ನೂ ಪಾಲಿಸುತ್ತದೆ ಅನ್ನೋದು ಅದರ ಸಾರಾಂಶ. ಆಮೇಲೆ ಇಲ್ಲಿ ನಾಶಿಕದಲ್ಲಿ ಒಂದು ಸರ್ಕಾರಿ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಒಳ್ಳೇ ಮನುಷ್ಯ, ಕೂರಿಸಿ ಚಹಾ ಕೊಟ್ಟು ಹೇಳಿದ್ರು: "ತೇ ಆಮ್ಚ್ಯಾಕಡೇ ಯೇತ್ ನಾಹೀ, ಸಾಹೇಬ್." ಅದು ನಮ್ಮ ಕಡೆ ಬರಲ್ಲ.

ಅವರು ಹೇಳಿದ್ದು ಅಕ್ಷರಶಃ ನಿಜ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರದ್ದು, ತೆಗೆದು ನೋಡಿ. ಆಹಾರ ಅಂದ್ರೆ ಏನು ಅಂತ ಮೂರನೇ ಕಲಮಿನಲ್ಲಿ ವ್ಯಾಖ್ಯೆ ಇದೆ. ಮನುಷ್ಯ ತಿನ್ನೋದೆಲ್ಲ ಆಹಾರ, ಚ್ಯೂಯಿಂಗ್ ಗಮ್ ಸಮೇತ. ಆದ್ರೆ ಪಶು ಆಹಾರ ಅದರೊಳಗೆ ಬರೋದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಭಾರತೀಯ ಮಾನಕ ಸಂಸ್ಥೆಯದ್ದು ನಾಯಿ-ಬೆಕ್ಕಿನ ಆಹಾರಕ್ಕೆ ಒಂದು ಮಾನದಂಡ ಇದೆ, ಐ.ಎಸ್. 11968 ಅಂತ. ಆದ್ರೆ ಅದು ಐಚ್ಛಿಕ. ಪಾಲಿಸಿದ್ರೆ ಪಾಲಿಸಿ, ಬಿಟ್ರೆ ಬಿಡಿ. ಪ್ಯಾಕೆಟ್ ಮೇಲೆ ತೂಕ, ಬೆಲೆ, ತಾರೀಖು, ವಿಳಾಸ ಇರಬೇಕು ಅನ್ನೋದಕ್ಕೆ ತೂಕ-ಅಳತೆಯ ನಿಯಮ ಇದೆ. ಒಳಗಿನ ಬಣ್ಣ ಯಾವುದು ಅನ್ನೋದಕ್ಕೆ ಇಲ್ಲ.

ಅಂದ್ರೆ ಕಂಪನಿಯ ಮೇಲ್ ಸುಳ್ಳಲ್ಲ ನೋಡಿ! ಅನ್ವಯವಾಗುವ ಎಲ್ಲಾ ನಿಯಮ ಪಾಲಿಸ್ತಾರೆ. ಅನ್ವಯವಾಗೋದೇ ಇಲ್ಲವಲ್ಲ. ಅನುಮತಿ ಕೊಡೋ ಕಚೇರಿಯೇ ಇಲ್ಲದ ಊರಲ್ಲಿ "ಅನುಮತಿ ಪಡೆದದ್ದು" ಅಂತ ಬರೆಯೋದಕ್ಕೆ ಮಾತ್ರ ಭಾರೀ ಧೈರ್ಯ ಬೇಕು.

ಅಂದ ಹಾಗೆ ಈ ಬಣ್ಣ ನಾಯಿಗಲ್ಲ ಅನ್ನೋದು ನಿಮಗೆ ಗೊತ್ತಿರಲಿ. ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸೋ ಕೋಶ ಮೂರು ಥರದ್ದು, ನಾಯಿಗೆ ಎರಡೇ. ಅಮೆರಿಕದ ವಿಜ್ಞಾನಿಗಳು 1989ರಲ್ಲೇ ಪ್ರಯೋಗ ಮಾಡಿ ತೋರಿಸಿದ್ರು. ನೀಲಿ ಕಾಣುತ್ತೆ, ಹಳದಿ ಕಾಣುತ್ತೆ. ಕೆಂಪು-ಹಸಿರು ಬೇರೆ ಬೇರೆ ಅಂತ ತಿಳಿಯೋಲ್ಲ, ಎರಡೂ ಮಾಸಲು ಹಳದಿಯ ಹಾಗೆ. ಗುಂಡನಿಗೆ ಮೂರು ಬಣ್ಣದ ಕಾಳೂ ಒಂದೇ. ಅವನು ಮೂಗಿನಿಂದ ಊಟ ಆರಿಸೋನು. ಬಣ್ಣ ಹಾಕಿರೋದು ನನ್ನ ಮಗಳಿಗೆ, ಅಂಗಡಿಯಲ್ಲಿ ಕೈ ಚಾಚಲಿ ಅಂತ. ತಿನ್ನೋದು ಮಾತ್ರ ಅವನು.

ಈ ಮಾತನ್ನ ನಮ್ಮ ವಾಕಿಂಗ್ ಗೆಳೆಯರ ಹತ್ತಿರ ಹೇಳಿದ್ರೆ ಒಬ್ಬರು ಸಿಡುಕಿದ್ರು. "ಮನುಷ್ಯರು ತಿನ್ನೋದಕ್ಕೇ ಗತಿ ಇಲ್ಲ, ನಿಮ್ದೊಂದು ನಾಯಿ ಪುರಾಣ." ಮಾತು ಖಡಕ್ಕಾಗಿದೆ, ನಿಮ್ಮಲ್ಲೂ ಅರ್ಧ ಜನ ಹೀಗೇ ಅಂದುಕೊಳ್ತಿದ್ದೀರಿ. ಅದಕ್ಕೇ 2007ರ ಕಥೆ ಹೇಳಬೇಕು.

ಆ ವರ್ಷ ಮಾರ್ಚಿನಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯೋಕೆ ಶುರುವಾದವು. ಹುಡುಕಿದ್ರೆ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಮೆಲಮೈನ್. ಪ್ಲಾಸ್ಟಿಕ್ ತಟ್ಟೆ ಮಾಡೋ ಮೆಲಮೈನ್! ಪರೀಕ್ಷೆಯಲ್ಲಿ ಪ್ರೊಟೀನ್ ಜಾಸ್ತಿ ಅಂತ ತೋರಿಸಲಿ ಅಂತ ಬೆರೆಸಿದ್ದು. ಪ್ಯಾಕೆಟ್ಟುಗಳನ್ನ ವಾಪಸ್ ತರಿಸಿದ್ರು, ಗಲಾಟೆ ಆಯ್ತು, ತಣ್ಣಗಾಯ್ತು. ಮುಂದಿನ ವರ್ಷ, 2008ರಲ್ಲಿ, ಅದೇ ಮೆಲಮೈನ್ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲಿ ಸಿಕ್ತು. ಸುಮಾರು 3 ಲಕ್ಷ ಕೂಸುಗಳಿಗೆ ಕಾಯಿಲೆ, 6 ಸಾವು. ನಾಯಿಯ ತಟ್ಟೆಯಲ್ಲಿ ಮೊದಲು ಕಂಡದ್ದು ಒಂದು ವರ್ಷ ಬಿಟ್ಟು ಮಗುವಿನ ಬಾಟಲಿಯಲ್ಲಿ ಬಂತು. ಈಗ ಹೇಳಿ, ನಾಯಿ ಪುರಾಣವೋ ಇದು?

ಇನ್ನೊಂದು ಲೆಕ್ಕ. ನಾನು ಗೋಬಿ ಮಂಚೂರಿ ತಿಂದ್ರೆ ತಿಂಗಳಿಗೊಮ್ಮೆ. ಗುಂಡ ಅದೇ ಪ್ಯಾಕೆಟ್ಟಿನ ಅದೇ ಕಾಳನ್ನ ದಿನಕ್ಕೆರಡು ಸಲ, ವರ್ಷಕ್ಕೆ 365 ದಿನ, ಹತ್ತು ಹನ್ನೆರಡು ವರ್ಷ ತಿನ್ನೋನು. ಒಂದಿಷ್ಟೇ ಇಷ್ಟು ಅಂತ ಹಾಕಿದ ಬಣ್ಣಕ್ಕೂ ಅಷ್ಟು ವರ್ಷದ ಗುಣಾಕಾರ ಇದೆ.

ಈಗ "ನ್ಯಾಚುರಲ್" ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬರೋದು ಇಲ್ಲೇ.

ನಾಶಿಕ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ದ್ರಾಕ್ಷಿ, ಈರುಳ್ಳಿ. ಲಾಸಲಗಾಂವದ ಈರುಳ್ಳಿ ಪೇಟೆ ಸೀನಿದ್ರೆ ಬೆಂಗಳೂರಿಗೆ ನೆಗಡಿ. ಎರಡೂ ಮಣ್ಣಿನಲ್ಲಿ ಬೆಳೆದದ್ದು, ಇದಕ್ಕಿಂತ ನ್ಯಾಚುರಲ್ ಏನಿದೆ? ಆದ್ರೆ ನಾಯಿಗೆ ದ್ರಾಕ್ಷಿ ಕೊಡಬೇಡಿ, ಒಣದ್ರಾಕ್ಷಿಯಂತೂ ಬೇಡವೇ ಬೇಡ. ಕೆಲವು ನಾಯಿಗಳಿಗೆ ಸ್ವಲ್ಪ ತಿಂದ್ರೂ ಮೂತ್ರಪಿಂಡ ನಿಂತುಹೋಗುತ್ತೆ. ಈರುಳ್ಳಿ ಕೊಟ್ರೆ ರಕ್ತದ ಕೆಂಪು ಕಣ ಒಡೆದು ರಕ್ತಹೀನತೆ, ಬೆಕ್ಕಿಗೆ ಇನ್ನೂ ಬೇಗ. ನಾವು ಬುಟ್ಟಿಗಟ್ಟಲೆ ತಿಂದು ಅರಗಿಸಿಕೊಳ್ಳೋ ಎರಡು ಬೆಳೆ, ನಮ್ಮ ಜಿಲ್ಲೆಯ ಹೆಮ್ಮೆ, ನಾಯಿಗೆ ವಿಷ. ಹಿಂಗಿರುವಾಗ "ನೈಸರ್ಗಿಕ, ಮನುಷ್ಯರೇ ತಿಂತಾರೆ, ನಾಯಿಗೇನು" ಅನ್ನೋದು ಯಾವ ಸೀಮೆ ವಾದ? ದ್ರಾಕ್ಷಿ ಸಿಪ್ಪೆಯಿಂದಲೂ ಬಣ್ಣ ತೆಗೀತಾರೆ ಗೊತ್ತಾ, ವೈನ್ ಮಾಡಿ ಉಳಿದ ಚರಟದಿಂದ. ಮನುಷ್ಯರ ಪಾನೀಯಕ್ಕೆ ಅದು ಹಳೇ ಬಣ್ಣ. ಅದು ನಾಯಿಗೆ ಆಗಿಬರುತ್ತೋ ಇಲ್ಲವೋ ನಾನು ಹೇಳೋನಲ್ಲ. ಹೇಳಬೇಕಾದ ಕಚೇರಿ ಬೇಕು ಅನ್ನೋದಷ್ಟೇ ನನ್ನ ಜಗಳ.

ಪ್ರಾಣಿ ಬದಲಾದ್ರೆ ಲೆಕ್ಕವೇ ಬದಲು. ಪ್ರೊಪಿಲೀನ್ ಗ್ಲೈಕಾಲ್ ಅಂತ ಒಂದು ವಸ್ತು, ಮನುಷ್ಯರ ತಿಂಡಿಯಲ್ಲೂ ಹಾಕ್ತಾರೆ, ನಾಯಿ ಆಹಾರಕ್ಕೂ ನಡೆಯುತ್ತೆ. ಬೆಕ್ಕಿಗೆ ಮಾತ್ರ ರಕ್ತ ಕಣ ಕೆಡುತ್ತೆ ಅಂತ ಗೊತ್ತಾಗಿ ಅಮೆರಿಕದ ಎಫ್.ಡಿ.ಎ. 1996ರಲ್ಲಿ ಬೆಕ್ಕಿನ ಆಹಾರದಲ್ಲಿ ಅದನ್ನ ನಿಷೇಧಿಸ್ತು. ನಾಯಿಗೆ ಸೈ, ಬೆಕ್ಕಿಗೆ ಇಲ್ಲ! ಅಷ್ಟು ಸೂಕ್ಷ್ಮ.

ಅಮೆರಿಕದವರನ್ನ ನಾನು ಹೊಗಳೋನಲ್ಲ, ಆದ್ರೆ ಅವರ ಕಾನೂನಿನಲ್ಲಿ ಆಹಾರ ಅಂದ್ರೆ "ಮನುಷ್ಯ ಅಥವಾ ಇತರ ಪ್ರಾಣಿ" ತಿನ್ನೋದು. ಬಣ್ಣವನ್ನ ಮೊದಲು ಅನುಮತಿ ಪಡೆದೇ ಹಾಕಬೇಕು, ಗಿಡದ್ದಾದ್ರೂ ಸರಿ, ಕಲ್ಲಿದ್ದಲಿಂದ ತೆಗೆದದ್ದಾದ್ರೂ ಸರಿ. ಉದಾಹರಣೆಗೆ ಕೆಂಪು ಐರನ್ ಆಕ್ಸೈಡ್. ನಮ್ಮ ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕ್ತಿದ್ರಲ್ಲ, ಅದೇ ಜಾತಿ, ಸರಳವಾಗಿ ಹೇಳೋದಾದ್ರೆ ತುಕ್ಕು. ಅದನ್ನ ಅಲ್ಲಿ ನಾಯಿ ಬೆಕ್ಕಿನ ಆಹಾರಕ್ಕೆ ತೂಕದಲ್ಲಿ ಶೇ. 0.25 ಮೀರದಂತೆ ಹಾಕಬಹುದು ಅಂತ ಬರೆದಿಟ್ಟಿದ್ದಾರೆ. ಚೆಂಡುಹೂವಿನ ಪುಡಿ, ಅದರ ಸಾರ, ಕೋಳಿ ಆಹಾರಕ್ಕೆ, ಮೊಟ್ಟೆಯ ಹಳದಿ ಹೆಚ್ಚಲಿ ಅಂತ. ನಮ್ಮ ಹಿತ್ತಲ ಶಂಖಪುಷ್ಪದ ನೀಲಿಗೆ 2021ರಲ್ಲಿ ಅನುಮತಿ ಸಿಕ್ತು. 2025ರ ಮೇ ತಿಂಗಳಲ್ಲಿ ಇನ್ನೂ ಕೆಲವು ತಿನಿಸಿಗೆ ವಿಸ್ತರಿಸಿದ್ರು: ಬೆಳಗಿನ ಸೀರಿಯಲ್, ಕ್ರ್ಯಾಕರ್, ಆಲೂ ಚಿಪ್ಸ್ ಹೀಗೆ ಹೆಸರು ಹೇಳಿ. ಆ ಪಟ್ಟಿಯಲ್ಲಿ ನಾಯಿ ಬಿಸ್ಕತ್ತು ಇಲ್ಲ. ಬೇಕಾದ್ರೆ ಬೇರೆ ಅರ್ಜಿ ಹಾಕು, ಬೇರೆ ಪುರಾವೆ ತಾ. ಯುರೋಪಿನವರೂ ಪಶು ಆಹಾರದ ಬಣ್ಣಕ್ಕೆ ಹತ್ತು ಹತ್ತು ವರ್ಷದ ಪರವಾನಗಿ ಕೊಟ್ಟು ಮತ್ತೆ ಪರಿಶೀಲಿಸ್ತಾರೆ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡನ್ನ 2021ರಲ್ಲಿ ಪಶು ಆಹಾರದಿಂದ ಹೊರಗೆ ಹಾಕಿದ್ರು.

ನಮ್ಮಲ್ಲಿ ಪಶು ಆಹಾರದ ಮೇಲೆ ಯಾವಾಗ ಕಣ್ಣು ಬಿತ್ತು ಅಂತ ನೋಡಿ, ಮಜಾ ಇದೆ. ಎಫ್.ಎಸ್.ಎಸ್.ಎ.ಐ.ನವರು 2018ರಲ್ಲಿ ದೇಶದ ತುಂಬ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿದ್ರು. 368ರಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು. ಅದು ಬೂಷ್ಟು ಹಿಡಿದ ಮೇವಿನಿಂದ ಹಾಲಿಗೆ ಬರೋ ವಿಷ. ಆಗ ಎಚ್ಚರಾಯ್ತು. ಹಾಲು ಮಾಂಸ ಕೊಡೋ ಪ್ರಾಣಿಗಳ ಆಹಾರ ಬಿ.ಐ.ಎಸ್. ಮಾನದಂಡದಂತೆ ಇರಬೇಕು ಅಂತ ನಿರ್ದೇಶನ ಹೊರಟಿತು. (ಜಾರಿ ಮುಂದಕ್ಕೆ ಹೋಗ್ತಾ ಬಂತು, ಅದು ಬೇರೆ ಮಾತು.) ಎಮ್ಮೆ ತಿಂದದ್ದು ನಮ್ಮ ಚಹಾಕ್ಕೆ ಬರುತ್ತೆ, ಅದಕ್ಕೇ ಎಮ್ಮೆಯ ತಟ್ಟೆ ನೋಡಿದೆವು. ನಾಯಿ ಹಾಲು ಕೊಡಲ್ಲ. ಕಥೆ ಮುಗೀತು.

ಈಗ ನನ್ನದೇ ಸ್ವಾರ್ಥದ ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ನನ್ನ ಊರು ಹಾವೇರಿ ಜಿಲ್ಲೆ. ತಮ್ಮ ಇನ್ನೂ ಬ್ಯಾಡಗಿ ಮೆಣಸಿನಕಾಯಿ ಬೆಳೀತಾನೆ. 2011ರಲ್ಲಿ ಜಿ.ಐ. ಪಟ್ಟ ಸಿಕ್ಕ ಮೆಣಸಿನಕಾಯಿ, ಖಾರ ಕಡಿಮೆ, ಬಣ್ಣ ಅಂದ್ರೆ ಬಣ್ಣ. ಡಬ್ಬಿ, ಕಡ್ಡಿ ಅಂತ ಎರಡು ಜಾತಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಚಕ್ಕಡಿಯಲ್ಲಿ ಬ್ಯಾಡಗಿ ಪೇಟೆಗೆ ಹೋದಾಗ ವ್ಯಾಪಾರಿ ಕಾಯಿ ಮುರಿದು ಬೆರಳಿಗೆ ತಿಕ್ಕಿ ಬೆರಳನ್ನೇ ನೋಡ್ತಿದ್ದ. ಈಗ ಆ ಕೆಲಸ ಯಂತ್ರ ಮಾಡುತ್ತೆ. ಕಾರ್ಖಾನೆಗಳಲ್ಲಿ ದ್ರಾವಕ ಹಾಕಿ ಓಲಿಯೋರೆಸಿನ್ ಅನ್ನೋ ಕೆಂಪು ಎಣ್ಣೆ ತೆಗೀತಾರೆ, ಅದು ದೇಶ ವಿದೇಶದ ತಿಂಡಿ, ಲಿಪ್‌ಸ್ಟಿಕ್‌ವರೆಗೂ ಹೋಗುತ್ತೆ. ದಾವಣಗೆರೆ, ಹರಿಹರದ ಕಡೆ ಚೆಂಡುಹೂವಿನದೂ ಇದೇ ಕಥೆ. ಕೃತಕ ಬಣ್ಣ ಹೋಗಿ ನೈಸರ್ಗಿಕ ಬಣ್ಣ ಬಂದ್ರೆ ಲಾಭ ನನ್ನ ತಮ್ಮನಿಗೇ. ಫೋನಿನಲ್ಲಿ ಹೇಳಿದಾಗ ಅವ "ಅಣ್ಣಾ, ನಾಯಿ ಕೂಳಿಗೂ ನಮ್ಮ ಕಾಯಿ ಬಣ್ಣ ಹಾಕ್ತಾರಂದ್ರ ಹಾಕ್ಲಿ ಬಿಡೋ, ನೀ ಯಾಕ ಕಲ್ಲು ಹಾಕ್ತಿ" ಅಂದ.

ತಮ್ಮಾ, ಕಲ್ಲು ಹಾಕ್ತಿರೋನು ನಾನಲ್ಲ. 2003ರಲ್ಲಿ ಫ್ರಾನ್ಸಿನಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್-1 ಸಿಕ್ಕಿತ್ತು, ಬೂಟ್ ಪಾಲಿಶ್‌ಗೆ ಹಾಕೋ ಕೆಂಪು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಸ್‌ನಲ್ಲಿ ಅದೇ ಸಿಕ್ಕು, ಆ ಸಾಸ್ ಹಾಕಿದ್ದ 400ಕ್ಕೂ ಹೆಚ್ಚು ತಿನಿಸುಗಳನ್ನ ಅಂಗಡಿಯಿಂದ ತೆಗೆಸಿದ್ರು. ಆ ಪುಡಿಯೂ ನಮ್ಮ ದೇಶದ್ದೇ. ಬಣ್ಣ ಬೆರೆಸಿದವನು ಯಾರೋ, ಹೆಸರು ಕೆಟ್ಟದ್ದು ಬೆಳೆದವನದು. ನೈಸರ್ಗಿಕ ಅಂತ ಬರೆದುಕೊಳ್ಳೋಕೆ ಪರೀಕ್ಷೆ ಬೇಡ ಅಂದ್ರೆ ಅಸಲಿ ಬ್ಯಾಡಗಿಗೂ ಇಟ್ಟಿಗೆ ಪುಡಿಗೂ ಒಂದೇ ದರ. ಅಗ್ಗದ್ದು ಯಾವುದೋ ಅದೇ ಪ್ಯಾಕೆಟ್ಟಿಗೆ ಹೋಗುತ್ತೆ.

2024ರ ಮಾರ್ಚ್ 11 ನೆನಪಿದೆಯಾ? ಅವತ್ತು ಬೆಂಗಳೂರಲ್ಲಿ ಆರೋಗ್ಯ ಸಚಿವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಣ್ಣದ ಬಾಂಬೆ ಮಿಠಾಯಿ ಮಾರಬಾರದು ಅಂತ ಘೋಷಿಸಿದ್ರು. 171 ಗೋಬಿ ಮಾದರಿಯಲ್ಲಿ 107 ಅಸುರಕ್ಷಿತ ಅಂತ ಲೆಕ್ಕ ಕೊಟ್ರು. ಅದೇ ದಿನ ಬ್ಯಾಡಗಿಯಲ್ಲಿ ದರ ಕುಸಿದ ಸಿಟ್ಟಿಗೆ ರೈತರು ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿ ಗಾಡಿಗಳಿಗೆ ಬೆಂಕಿ ಹಚ್ಚಿದ್ರು. ಒಂದೇ ರಾಜ್ಯ, ಒಂದೇ ಸೋಮವಾರ. ಒಂದು ಕಡೆ ಸುಳ್ಳು ಕೆಂಪಿಗೆ ನಿಷೇಧ, ಇನ್ನೊಂದು ಕಡೆ ನಿಜವಾದ ಕೆಂಪು ಕೇಳೋರಿಲ್ಲ. ಟಿವಿಯಲ್ಲಿ ಎರಡೂ ಸುದ್ದಿ ಒಂದರ ಹಿಂದೊಂದು ಬಂದವು, ಜೋಡಿಸಿ ಹೇಳಿದವರು ಯಾರೂ ಇರಲಿಲ್ಲ.

ಅನುಮತಿ, ಪರೀಕ್ಷೆ ಅಂದ್ರೆ ರೈತನಿಗೆ ಕಾಟ ಅನ್ನೋರು ನಾಶಿಕದ ದ್ರಾಕ್ಷಿ ಬೆಳೆಗಾರರನ್ನ ಕೇಳಿ ನೋಡಿ. 2010ರಲ್ಲಿ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಉಳಿಕೆ ಸಿಕ್ಕು ಕಂಟೇನರ್‌ಗಳು ತಿರಸ್ಕಾರ ಆದವು. ಬೆಳೆಗಾರರು ನೆಲಕ್ಕೆ ಕೂತ್ರು. ನಮ್ಮ ಕಾಲೊನಿಯಲ್ಲೇ ಪಿಂಪಳಗಾಂವ ಕಡೆಯ ಒಬ್ಬರಿದ್ದರು, ಆ ವರ್ಷ ಅವರ ಮನೆಯಲ್ಲಿ ಪಾಡವಾ ಹಬ್ಬವೂ ಸಪ್ಪೆ. ಆಮೇಲೆ ಪರೀಕ್ಷೆ ಬಿಗಿಯಾಯ್ತು, ರಫ್ತು ಮತ್ತೆ ಎದ್ದಿತು. ಗ್ರೇಪ್‌ನೆಟ್ ಅನ್ನೋ ವ್ಯವಸ್ಥೆಯಲ್ಲಿ ಇವತ್ತು ನೆದರ್‌ಲ್ಯಾಂಡಿನ ಡಬ್ಬದಲ್ಲಿರೋ ಗೊಂಚಲು ದಿಂಡೋರಿಯ ಯಾವ ತೋಟದ್ದು ಅಂತ ಹುಡುಕಬಹುದು. ಡಚ್ಚರ ಹಣ್ಣಿನ ಬುಡ ಹುಡುಕೋಕೆ ಬರುತ್ತೆ, ಮಗಳ ಅಡುಗೆಮನೆಯ ಪ್ಯಾಕೆಟ್ಟಿನ ಬಣ್ಣದ ಹೆಸರು ಕೇಳಿದ್ರೆ ಮಾತ್ರ "ನ್ಯಾಚುರಲ್ ಸರ್".

ಗುಂಡನಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದಾನೆ. ಮೊಮ್ಮಗಳೂ ಆರಾಮ. ಆ ಬಣ್ಣ ವಿಷ ಅಂತ ನಾನು ಹೇಳ್ತಿಲ್ಲ, ಬಹುಶಃ ಅಲ್ಲವೇ ಅಲ್ಲ. "ಬಹುಶಃ" ಅನ್ನೋ ಪದ ನನಗೆ ಸಾಲದು. ನನ್ನ ಬೇಡಿಕೆ ದೊಡ್ಡದೇನಲ್ಲ. ಐ.ಎಸ್. 11968 ಕಡ್ಡಾಯ ಮಾಡಲಿ. ಯಾವ ಬಣ್ಣ, ನಾಯಿಗೆಷ್ಟು, ಬೆಕ್ಕಿಗೆಷ್ಟು ಅನ್ನೋ ಪಟ್ಟಿ ಹೊರಬರಲಿ, ಪಟ್ಟಿಯಲ್ಲಿಲ್ಲದ್ದು ಹಾಕಬಾರದು. ಪ್ಯಾಕೆಟ್ ಮೇಲೆ ಬಣ್ಣದ ಹೆಸರು ಇರಲಿ, ಬ್ಯಾಡಗಿಯದಾದ್ರೆ ಮೆಣಸಿನಕಾಯಿ ಅಂತಲೇ ಬರೀರಿ, ತುಕ್ಕಾದ್ರೆ ತುಕ್ಕು ಅಂತ. ಅಲ್ಲೀವರೆಗೆ "ಪರ್ಮಿಟೆಡ್" ಅನ್ನೋ ಪದ ತೆಗೀರಿ. ಬಣ್ಣವೇ ಇಲ್ಲದ ಕಾಳು ಮಾಡಿದ್ರೆ ಇನ್ನೂ ಒಳ್ಳೇದು, ಗುಂಡ ದೂರು ಕೊಡೋಲ್ಲ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ದಿಲ್ಲಿಯ ಪಶುಸಂಗೋಪನಾ ಇಲಾಖೆಗೂ ಬಿ.ಐ.ಎಸ್.ಗೂ ಅಂಚೆಯಲ್ಲಿ ಕಳಿಸಬೇಕು ಅಂತಿದ್ದೀನಿ. ಪುಣೆ, ಮುಂಬೈ, ಸೊಲ್ಲಾಪುರದಲ್ಲಿರೋ ನಮ್ಮವರು ನಿಮ್ಮ ಮನೆಯ ಪ್ಯಾಕೆಟ್ ತಿರುಗಿಸಿ ಬಣ್ಣದ ಜಾಗದಲ್ಲಿ ಏನು ಬರೆದಿದೆ ಅಂತ ನನಗೆ ತಿಳಿಸಿದ್ರೆ ಅದನ್ನೂ ಜೊತೆಗೆ ಲಗತ್ತಿಸ್ತೀನಿ. ಮಗಳು ಸದ್ಯಕ್ಕೆ ಗುಂಡನಿಗೆ ಬೆಳಿಗ್ಗೆ ಜೋಳದ ರೊಟ್ಟಿ, ಬೇಯಿಸಿದ ಮೊಟ್ಟೆ ಹಾಕ್ತಿದ್ದಾಳಂತೆ. ರಾತ್ರಿಗೆ ಮಾತ್ರ ಅದೇ ಕಾಳು, ಕಟ್ಟಿಟ್ಟ ಚೀಲ ಇನ್ನೂ ಎಂಟು ಕೇಜಿ ಉಳಿದಿದೆ.